ಹೋಮ್‌ಸ್ಟೇ ಪ್ಲಗ್ಗಿಗೆ ಹಾಕಿದರೆ ವ್ಯಾನಿನ ಬಾಡಿ ಜುಮ್ ಅನ್ನುತ್ತದೆ, ಇಂಡಕ್ಷನ್ ಹಚ್ಚಿದರೆ ಎಲ್ಲವೂ ಆಫ್: ಕ್ಯಾರವಾನ್ ವೈರಿಂಗ್ ಹೇಗಿರಬೇಕು?

ಪ್ರಶ್ನೆ: ನಾವು ಧಾರವಾಡದವರು. ಹಳೆಯ ಟ್ರಾವೆಲರ್ ವ್ಯಾನ್ ಒಂದನ್ನು ಮನೆಯ ನಾಲ್ವರು ಮಲಗುವಂತೆ ಕ್ಯಾರವಾನ್ ಮಾಡಿಸಿದ್ದೇವೆ. ಡ್ರೈವರ್ ಸೀಟಿನ ಹಿಂದೆ 12 ವೋಲ್ಟಿನ 200 ಎಎಚ್ ಲಿಥಿಯಂ ಬ್ಯಾಟರಿ ಇದೆ, ಅದರ ಬಿಎಂಎಸ್ (ಮಿತಿ ಮೀರಿದರೆ ಬ್ಯಾಟರಿಯನ್ನು ಕಡಿದು ಕಾಪಾಡುವ ಒಳಗಿನ ಸರ್ಕ್ಯೂಟ್) 100 ಆಂಪಿಯರಿನದು. 1500 ವ್ಯಾಟ್ ಇನ್ವರ್ಟರ್ ಹಿಂಬದಿಯಲ್ಲಿದೆ. ನಡುವೆ 4 ಮೀಟರ್ ಉದ್ದದ 16 ಸ್ಕ್ವೇರ್ ಎಂ.ಎಂ. ವೈರ್ ಎಳೆದಿದ್ದಾರೆ. ಮೇಲೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಇದೆ. ಹೋಮ್‌ಸ್ಟೇಗಳಲ್ಲಿ ಎಕ್ಸ್‌ಟೆನ್ಷನ್ ವೈರ್ ಎಳೆದು, ಚೇಂಜ್‌ಓವರ್ ಸ್ವಿಚ್ ತಿರುಗಿಸಿ, ಇಡೀ ವ್ಯಾನಿಗೆ ಅಲ್ಲಿನ ಕರೆಂಟ್ ಕೊಡುತ್ತೇವೆ. ತೊಂದರೆ ಮೂರು: ಸಕಲೇಶಪುರದ ಕಡೆ ಪ್ಲಗ್ ಹಾಕಿದಾಗ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಜುಮ್ ಅಂದಿತು; ಇಂಡಕ್ಷನ್ 1200ಕ್ಕೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಆಫ್ ಆಗುತ್ತದೆ; ಪ್ಲಗ್ ಇಲ್ಲದ ಕಡೆ ಎರಡನೇ ದಿನ ಬೆಳಿಗ್ಗೆಯೇ ಬ್ಯಾಟರಿ ಖಾಲಿ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಬಾಗಿಲಿನ ಹಿಡಿಯ ಮಾತು. ಅದು ಸರಿಯಾಗುವವರೆಗೆ ವ್ಯಾನನ್ನು ಯಾವ ಪ್ಲಗ್ಗಿಗೂ ಹಾಕಬೇಡಿ.

ಲ್ಯಾಪ್‌ಟಾಪ್ ಚಾರ್ಜರ್, ಬ್ಯಾಟರಿ ಚಾರ್ಜರ್, ಇಂಡಕ್ಷನ್‌ಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುವಂಥವುಗಳ ಒಳಗೆ ಫೇಸಿನಿಂದ ಅರ್ಥಿಗೆ ಒಂದು, ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ಪುಟ್ಟ ಕೆಪಾಸಿಟರ್ ಇರುವುದು ಸಾಮಾನ್ಯ. ಗೋಡೆಯ ಸಾಕೆಟ್ಟಿನ ಅರ್ಥ್ ನಿಜವಾಗಿಯೂ ಮಣ್ಣಿಗೆ ಹೋಗಿದ್ದರೆ ಈ ಅಲ್ಪ ಸೋರಿಕೆ ಅಲ್ಲಿ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಆ ಎರಡು ಕೆಪಾಸಿಟರುಗಳ ನಡುವಿನ ಬಿಂದು 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಆ ಬಿಂದುವಿಗೆ ನಿಮ್ಮ ವ್ಯಾನಿನ ಬಾಡಿಯೂ ಸೇರಿದೆ. ನಾಲ್ಕು ರಬ್ಬರ್ ಟೈರುಗಳ ಮೇಲೆ ನಿಂತ ಬಾಡಿಗೆ ಮಣ್ಣಿನ ದಾರಿ ಸಿಗುವುದು ಒದ್ದೆ ನೆಲದ ಮೇಲೆ ನಿಂತು ಹಿಡಿ ಮುಟ್ಟಿದವರ ಮೈಯಿಂದಲೇ. ಹರಿಯುವುದು ಒಂದು ಮಿಲಿಆಂಪಿಯರಿನ ಆಸುಪಾಸು, ಆದ್ದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಆ ಜುಮ್ಮಿನ ಅರ್ಥ ಬೇರೆ: ಅರ್ಥಿಂಗ್ ಸತ್ತಿದೆ. ಇಂಥ ಸ್ಥಿತಿಯಲ್ಲಿ ಯಾವುದೋ ವೈರಿನ ಸಿಪ್ಪೆ ಸವೆದು ತಗಡಿಗೆ ತಗುಲಿದರೆ ಬಾಡಿ ಪೂರ್ತಿ 230 ವೋಲ್ಟಿನಲ್ಲಿ ನಿಂತಿರುತ್ತದೆ, ಎಂಸಿಬಿ ಬೀಳುವುದಿಲ್ಲ.

ಪ್ಲಗ್ ಹಾಕುವ ಮೊದಲು ಸಾಕೆಟ್ ಪರೀಕ್ಷಿಸಿ. ಮೂರು ದೀಪದ ಸಾಕೆಟ್ ಟೆಸ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಜೊತೆಗೆ ಒಂದು ಮಲ್ಟಿಮೀಟರ್ ಇರಲಿ. ಫೇಸ್–ನ್ಯೂಟ್ರಲ್ ನಡುವೆ 230ರ ಹತ್ತಿರ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್–ಅರ್ಥ್ 80, 110 ಎಂದು ಕುಣಿಯುತ್ತಿದ್ದರೆ ಅರ್ಥ್ ಇಲ್ಲ. ಇನ್ನೊಂದು ಮೋಸವಿದೆ, ಟೆಸ್ಟರಿನ ಮೂರು ದೀಪಗಳಿಗೂ ಅದು ಗೊತ್ತಾಗುವುದಿಲ್ಲ: ಎರಡೇ ವೈರಿನ ಹಳೆ ಮನೆಗಳಲ್ಲಿ ಸಾಕೆಟ್ಟಿನ ಹಿಂದೆ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ವೈರ್ ಹಾಕಿ ಮುಗಿಸಿರುತ್ತಾರೆ. ಆಗ ನ್ಯೂಟ್ರಲ್–ಅರ್ಥ್ ಓದು ಸೊನ್ನೆ ಬರುತ್ತದೆ. ಅದೇ ಸಾಕೆಟ್ಟಿನ ಸಾಲಿನಲ್ಲಿ 1500 ವ್ಯಾಟಿನ ನೀರು ಕಾಯಿಸುವ ಕೆಟಲ್ ಹಚ್ಚಿ ನೋಡಿ. ಸರಿಯಾದ ವೈರಿಂಗಿನಲ್ಲಿ ಲೋಡ್ ಬಿದ್ದಾಗ ನ್ಯೂಟ್ರಲ್–ಅರ್ಥ್ ಓದು ಸ್ವಲ್ಪವಾದರೂ ಏರುತ್ತದೆ. ಕದಲದೆ ಸೊನ್ನೆಯಲ್ಲೇ ಇದ್ದರೆ ಆ ತುಂಡು ವೈರ್ ಇದೆ ಎಂದು ತಿಳಿಯಿರಿ. ಅಂಥ ಕಡೆ ಎಲ್ಲೋ ನ್ಯೂಟ್ರಲ್ ಕಡಿದುಹೋದರೆ ವ್ಯಾನಿನ ಬಾಡಿಗೆ ನೇರ ಫೇಸ್ ಬರುತ್ತದೆ. ಅಲ್ಲಿ ಪ್ಲಗ್ ಹಾಕಲೇಬೇಡಿ.

ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಅರ್ಥ್ ಸತ್ತಿರುವ ಮನೆಯಲ್ಲಿ ಹಾಗೆ ಮಾಡಿದರೆ ಆ ಅರ್ಥ್ ವೈರಿಗೆ ಸೇರಿದ ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲದರ ಮೈಗೂ ಬಲ್ಬಿನ ಮೂಲಕ ಕರೆಂಟ್ ಹೋಗುತ್ತದೆ. ಬೇರೆಯವರ ಮನೆಯಲ್ಲಿ ಅದು ಬೇಡ.

ವ್ಯಾನಿನ ಕಡೆ ಬೇಕಾದ್ದು ಇಷ್ಟು. ಹೊರಗೋಡೆಯಲ್ಲಿ ಮುಚ್ಚಳವಿರುವ 16 ಆಂಪಿಯರಿನ ನೀಲಿ ಇಂಡಸ್ಟ್ರಿಯಲ್ ಇನ್‌ಲೆಟ್; ಪಿನ್ನುಗಳು ವ್ಯಾನಿನಲ್ಲಿರಬೇಕು, ತೂತುಗಳು ಕೇಬಲ್ಲಿನಲ್ಲಿ. ಎರಡೂ ತುದಿಗೆ ಪಿನ್ ಇರುವ ಕೇಬಲ್ಲನ್ನು ಯಾರು ಮಾಡಿಕೊಟ್ಟರೂ ತೆಗೆದುಕೊಳ್ಳಬೇಡಿ, ಒಂದು ತುದಿ ಕಿತ್ತರೆ ಕೈಯಲ್ಲಿ ಜೀವಂತ ಪಿನ್ನುಗಳಿರುತ್ತವೆ. ಕೇಬಲ್ 2.5 ಸ್ಕ್ವೇರ್ ಎಂ.ಎಂ. ಮೂರು ಕೋರಿನ ತಾಮ್ರದ ಫ್ಲೆಕ್ಸಿಬಲ್, 20ರಿಂದ 25 ಮೀಟರ್. ಬಳಸುವಾಗ ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ ಕೇಬಲ್ಲಿಗೆ ಬಿಸಿ ಹೊರಹಾಕಲು ಜಾಗವಿಲ್ಲದೆ ಒಳಗಿನ ಸುತ್ತುಗಳು ಕರಗುತ್ತವೆ. ಮೊದಲು ವ್ಯಾನಿಗೆ ಸಿಕ್ಕಿಸಿ, ಆಮೇಲೆ ಗೋಡೆಗೆ. ತೆಗೆಯುವಾಗ ಉಲ್ಟಾ. ಇನ್‌ಲೆಟ್ಟಿನ ಬೆನ್ನಿಗೇ ಡಬಲ್ ಪೋಲ್ ಆರ್‌ಸಿಬಿಒ (ಕರೆಂಟ್ ಸೋರಿದರೂ ಲೋಡ್ ಮಿತಿ ಮೀರಿದರೂ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಬ್ರೇಕರ್) ಇರಲಿ, 30 ಮಿಲಿಆಂಪಿಯರಿನದು. ಡಬಲ್ ಪೋಲ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ನಮ್ಮ ಕಡೆ ಸಾಕೆಟ್ಟುಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದು ತೀರಾ ಮಾಮೂಲು, ಸಿಂಗಲ್ ಪೋಲ್ ಹಾಕಿದರೆ ಬಿದ್ದ ಮೇಲೂ ಒಳಗೆ ಫೇಸ್ ಉಳಿದಿರುತ್ತದೆ. ಅರ್ಥ್ ವೈರನ್ನು 4 ಸ್ಕ್ವೇರ್ ಎಂ.ಎಂ. ತಾಮ್ರದಲ್ಲಿ ಚಾಸಿಗೆ (ವ್ಯಾನಿನ ಲೋಹದ ಚೌಕಟ್ಟಿಗೆ) ಕಟ್ಟಿ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್ ಹಾಕಿ, ಮೇಲೆ ಗ್ರೀಸ್ ಹಚ್ಚಿ. ಆರ್‌ಸಿಬಿಒದ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಆದರೆ ಬಟನ್ ಒತ್ತಿದಾಗ ಬಿತ್ತು ಎಂದರೆ ಅರ್ಥ್ ಇದೆ ಎಂದಲ್ಲ; ಅರ್ಥ್ ಇಲ್ಲದಿದ್ದರೂ ಬಟನ್ ಕೆಲಸ ಮಾಡುತ್ತದೆ.

ಇನ್ನು ಇಡೀ ವ್ಯವಸ್ಥೆಯ ಮಾತು. ನನ್ನ ಸ್ಪಷ್ಟ ಅಭಿಪ್ರಾಯ: ಆ ಚೇಂಜ್‌ಓವರ್ ಸ್ವಿಚ್ ಕಿತ್ತುಹಾಕಿ. ಹೊರಗಿನ ಕರೆಂಟಿಗೆ ವ್ಯಾನಿನಲ್ಲಿ ಒಂದೇ ಕೆಲಸ ಕೊಡಿ, ಬ್ಯಾಟರಿ ತುಂಬುವುದು. ಉಳಿದದ್ದೆಲ್ಲ, ಪ್ಲಗ್ ಹಾಕಿರಲಿ ಬಿಡಲಿ, ಸದಾ ಬ್ಯಾಟರಿಯಿಂದಲೇ ನಡೆಯಲಿ.

ಲೆಕ್ಕ ನೋಡಿ. 12 ವೋಲ್ಟ್ 30 ಆಂಪಿಯರಿನ ಲಿಥಿಯಂ ಚಾರ್ಜರ್ ಬ್ಯಾಟರಿಗೆ ಸುಮಾರು 425 ವ್ಯಾಟ್ ಕೊಡುತ್ತದೆ, ಗೋಡೆಯಿಂದ ಎಳೆಯುವುದು 475 ವ್ಯಾಟ್ ಆಸುಪಾಸು, ಅಂದರೆ ಬರೀ 2 ಆಂಪಿಯರ್. 16 ಆಂಪಿಯರಿನ ದೊಡ್ಡ ಸಾಕೆಟ್ ಹುಡುಕಬೇಕಾಗಿಲ್ಲ, ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಾಕೆಟ್ ಸಾಕು. ಖಾಲಿಯಾದ 200 ಎಎಚ್ ಬ್ಯಾಟರಿ ಏಳು ಗಂಟೆಯೊಳಗೆ ತುಂಬುತ್ತದೆ, ರಾತ್ರಿ ಊಟಕ್ಕೆ ಕೂರುವಾಗ ಹಾಕಿದರೆ ಬೆಳಗಿನ ಕಾಫಿಗೆ ಮುಗಿದಿರುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಕರೆಂಟ್ ಹೋಗಿ ಬರುತ್ತದೆ, ಜನರೇಟರಿಗೆ ಬದಲಾಗುತ್ತದೆ. ಇವೆಲ್ಲವನ್ನೂ ಚಾರ್ಜರ್ ಒಂದೇ ತಡೆದುಕೊಳ್ಳುತ್ತದೆ, ನಿಮ್ಮ ಲ್ಯಾಪ್‌ಟಾಪಿಗೂ ಫ್ರಿಜ್ಜಿಗೂ ಗೊತ್ತೇ ಆಗುವುದಿಲ್ಲ. ಚಾರ್ಜರ್ ಕೊಳ್ಳುವಾಗ 180 ವೋಲ್ಟಿಗಿಂತ ಕೆಳಗೂ ಓಡುತ್ತದೆಯೇ ಎಂದು ಅದರ ಮೇಲಿನ ಪಟ್ಟಿಯಲ್ಲಿ ಓದಿಕೊಳ್ಳಿ.

ಇನ್ನೂ ಒಂದು ಲಾಭವಿದೆ. ಹಳೆಯ ಎಸ್ಟೇಟ್ ಮನೆಗಳಲ್ಲೇ ಹೆಚ್ಚು ಉಳಿಯುವವರು ನೀವಾಗಿದ್ದರೆ ಇನ್‌ಲೆಟ್ಟಿಗೂ ಚಾರ್ಜರಿಗೂ ನಡುವೆ 1 ಕೆವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಹೊರಗಿನ ತಂತಿಗೂ ಒಳಗಿನ ತಂತಿಗೂ ನೇರ ಸಂಪರ್ಕವಿಲ್ಲದೆ ಕರೆಂಟ್ ದಾಟಿಸುವಂಥದ್ದು) ಹಾಕಿಸಬಹುದು. ಬರೀ ಚಾರ್ಜರಿಗೆ ಆದ್ದರಿಂದ ಅಷ್ಟು ಚಿಕ್ಕದೇ ಸಾಕು. ಇಡೀ ವ್ಯಾನಿಗೆ ಎಂದರೆ ಮೂರು ಪಟ್ಟು ದೊಡ್ಡದು ಬೇಕಾಗುತ್ತಿತ್ತು. ಇದರಲ್ಲಿ ಹೊರಗಿನ ಅರ್ಥನ್ನು ಬಾಡಿಗೆ ಸೇರಿಸುವುದಿಲ್ಲ, ಟ್ರಾನ್ಸ್‌ಫಾರ್ಮರಿನ ಈಚೆ ಬದಿಯ ಒಂದು ತುದಿಯನ್ನು ಚಾಸಿಗೆ ಕಟ್ಟಿ ವ್ಯಾನಿಗೆ ತನ್ನದೇ ನ್ಯೂಟ್ರಲ್ ಮಾಡಿಕೊಳ್ಳುತ್ತೇವೆ. ಸಮುದ್ರದ ದೋಣಿಗಳಲ್ಲಿ ಬಂದರಿನ ಕರೆಂಟ್ ತೆಗೆದುಕೊಳ್ಳುವಾಗ ಬಳಸುವ ಕ್ರಮವೇ ಇದು. ಟ್ರಾನ್ಸ್‌ಫಾರ್ಮರ್ ಹಚ್ಚಿದ ಕ್ಷಣ ಭಾರೀ ಕರೆಂಟ್ ಎಳೆಯುತ್ತದೆ, ಹಾಗಾಗಿ ಅದರ ಮುಂದಿನ ಬ್ರೇಕರ್ ಸಿ ಕರ್ವ್‌ನದಿರಲಿ, ಕ್ಷಣದ ಎಳೆತಕ್ಕೆ ಅದು ಸುಲಭಕ್ಕೆ ಬೀಳುವುದಿಲ್ಲ. ಆ ವೈರಿಂಗ್ ಅನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಈಗ ಇಂಡಕ್ಷನ್. ಆಫ್ ಆದ ಕ್ಷಣ ಒಂದು ವಿಷಯ ಗಮನಿಸಿ: ವ್ಯಾನಿನ 12 ವೋಲ್ಟ್ ದೀಪಗಳೂ ಆರಿದವೇ? ದೀಪ ಉರಿಯುತ್ತಿದ್ದು ಇನ್ವರ್ಟರ್ ಮಾತ್ರ ಕೂಗಿ ನಿಂತಿದ್ದರೆ ಇನ್ವರ್ಟರಿಗೆ ವೋಲ್ಟೇಜ್ ಸಾಕಾಗಿಲ್ಲ, ತಪ್ಪು ವೈರಿನದು. ದೀಪ, ಫ್ಯಾನ್, ಫ್ರಿಜ್ ಎಲ್ಲವೂ ಒಟ್ಟಿಗೆ ಸತ್ತರೆ ಬಿಎಂಎಸ್ ಬ್ಯಾಟರಿಯನ್ನೇ ಕಡಿದಿದೆ. ನೀವು "ಎಲ್ಲ ಆಫ್" ಎಂದು ಬರೆದಿರುವುದರಿಂದ ಬಿಎಂಎಸ್ ಎಂದೇ ತೋರುತ್ತದೆ. 1200 ವ್ಯಾಟ್ ಇಂಡಕ್ಷನ್ನಿಗೆ ಇನ್ವರ್ಟರಿನ ನಷ್ಟ ಸೇರಿ 1330 ವ್ಯಾಟ್ ಬೇಕು. 12.5 ವೋಲ್ಟಿನಲ್ಲಿ ಅದು ಸುಮಾರು 107 ಆಂಪಿಯರ್. ಬಿಎಂಎಸ್ ಮಿತಿ 100. ಅದರ ಮೇಲೆ ಫ್ರಿಜ್ಜಿನ ಐದು ಆಂಪಿಯರ್ ಬೇರೆ.

ವೈರೂ ತಪ್ಪೇ ಇದೆ. 4 ಮೀಟರ್ ಹೋಗಿ 4 ಮೀಟರ್ ಬರುವ 16 ಸ್ಕ್ವೇರ್ ಎಂ.ಎಂ. ತಾಮ್ರಕ್ಕೆ 8.75 ಮಿಲಿಓಮ್ ರೆಸಿಸ್ಟೆನ್ಸ್. 107 ಆಂಪಿಯರಿನಲ್ಲಿ ದಾರಿಯಲ್ಲೇ 0.94 ವೋಲ್ಟ್ ಕಳೆದುಹೋಗುತ್ತದೆ, 100 ವ್ಯಾಟ್ ಶಾಖವಾಗುತ್ತದೆ. ಪ್ಲೈವುಡ್ ಹಿಂದೆ ಮುಚ್ಚಿದ ವೈರಿನೊಳಗೆ ಹಳೇ ಕಾಲದ ನೂರು ಕ್ಯಾಂಡಲಿನ ಬಲ್ಬ್ ಉರಿಯುತ್ತಿದೆ ಎಂದುಕೊಳ್ಳಿ. ಇನ್ವರ್ಟರನ್ನು ತಂದು ಬ್ಯಾಟರಿಯ ಪಕ್ಕ ಕೂರಿಸಿ, 50 ಸ್ಕ್ವೇರ್ ಎಂ.ಎಂ. ವೈರಿನಲ್ಲಿ 1 ಮೀಟರಿನೊಳಗೆ ಮುಗಿಸಿ. ಆಗ ನಷ್ಟ 0.08 ವೋಲ್ಟ್, ಶಾಖ 8 ವ್ಯಾಟ್. ಹಿಂಬದಿಗೆ ಕರೆಂಟ್ ಬೇಕಿದ್ದರೆ 230 ವೋಲ್ಟಿನ ತೆಳು ವೈರ್ ಎಳೆಯಿರಿ. 1200 ವ್ಯಾಟಿಗೆ ಅಲ್ಲಿ 5 ಆಂಪಿಯರ್ ಚಿಲ್ಲರೆ ಅಷ್ಟೇ.

ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಬಳೆಗಳನ್ನು) ಹೈಡ್ರಾಲಿಕ್ ಕ್ರಿಂಪರಿನಿಂದಲೇ ಒತ್ತಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ, ಬರೀ ಬೆಸುಗೆ ಹಾಕಿದ ಲಗ್ ವ್ಯಾನಿನ ಅದುರಾಟಕ್ಕೆ ನಿಲ್ಲುವುದಿಲ್ಲ. ಸಡಿಲವಾದ ಒಂದು ಜೋಡಣೆಯಲ್ಲಿ ಬರೀ 2 ಮಿಲಿಓಮ್ ಇದ್ದರೂ 107 ಆಂಪಿಯರಿನಲ್ಲಿ ಅಲ್ಲಿ 23 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಉಗುರಿನಗಲದ ಜಾಗದಲ್ಲಿ ಅಷ್ಟು ಬಿಸಿ: ಮೊದಲು ಹೀಟ್‌ಶ್ರಿಂಕ್ ತೋಳು ಕಂದುತ್ತದೆ, ಆಮೇಲೆ ಸಿಪ್ಪೆ ಮೆತ್ತಗಾಗಿ ಹಿಂದೆ ಸರಿಯುತ್ತದೆ, ತಾಮ್ರ ಕಪ್ಪಾಗಿ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ. ಫ್ಯೂಸ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಕರೆಂಟ್ ಮಿತಿಯೊಳಗೇ ಇದೆ. ಇಂಡಕ್ಷನ್ ಹತ್ತು ನಿಮಿಷ ಓಡಿದ ಮೇಲೆ ಆಫ್ ಮಾಡಿ, ಪ್ರತಿ ಲಗ್ ಹತ್ತಿರ ಬೆರಳು ತಂದು ನೋಡಿ. ಮುಟ್ಟಲಾಗದಷ್ಟು ಬಿಸಿ ಇರುವುದೇ ಕಳ್ಳ. ಫ್ಯೂಸ್ ಬ್ಯಾಟರಿಯ ಪ್ಲಸ್ಸಿನ ಮಗ್ಗುಲಲ್ಲೇ ಇರಲಿ, 200 ಆಂಪಿಯರ್, ದೊಡ್ಡ ಶಾರ್ಟನ್ನೂ ಕಡಿಯಬಲ್ಲ ಟಿ ಕ್ಲಾಸಿನದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ, ಕಾರಿನ ಆಡಿಯೊ ಅಂಗಡಿಯ ಅಗ್ಗದ ಫ್ಯೂಸ್ ಕರಗಿದ ಮೇಲೂ ಕಿಡಿಯಾಗಿ ಹರಿಸುತ್ತಲೇ ಇರಬಹುದು.

ಬಿಎಂಎಸ್ ವಿಷಯಕ್ಕೆ ಎರಡು ದಾರಿ: 150ರಿಂದ 200 ಆಂಪಿಯರಿನ ಬಿಎಂಎಸ್ ಇರುವ ಬ್ಯಾಟರಿಗೆ ಬದಲಿಸಿ, ಇಲ್ಲವೇ ಇಂಡಕ್ಷನ್ 800ರಲ್ಲೇ ಓಡಿಸಿ, ಆಗ 70 ಆಂಪಿಯರ್. ಒಂದು ಎಚ್ಚರ: ಅನೇಕ ಇಂಡಕ್ಷನ್ನುಗಳು ಕಡಿಮೆ ಸೆಟ್ಟಿಂಗಿನಲ್ಲಿ ನಿಜಕ್ಕೂ 800 ಎಳೆಯುವುದಿಲ್ಲ, 1200ರಲ್ಲೇ ಕೆಲವು ಸೆಕೆಂಡ್ ಓಡಿ ಕೆಲವು ಸೆಕೆಂಡ್ ನಿಲ್ಲುತ್ತವೆ. ಬಿಎಂಎಸ್ಸಿಗೆ ಅದರಿಂದ ಪ್ರಯೋಜನವಿಲ್ಲ. ಪ್ಲಗ್ ವ್ಯಾಟ್‌ಮೀಟರ್ ಹಾಕಿ ಪರೀಕ್ಷಿಸಿ.

ಇನ್ವರ್ಟರ್ ಬಗ್ಗೆ ಇನ್ನೊಂದು. ಅದರ ಔಟ್‌ಪುಟ್ಟಿನಲ್ಲೂ 30 ಮಿಲಿಆಂಪಿಯರ್ ಆರ್‌ಸಿಬಿಒ ಬೇಕು, ಆದರೆ ಇನ್ವರ್ಟರಿನ ನ್ಯೂಟ್ರಲ್ ಚಾಸಿಗೆ ಕಟ್ಟದಿದ್ದರೆ ಅದು ಅಲಂಕಾರಕ್ಕಷ್ಟೇ; ಸೋರಿದ ಕರೆಂಟ್ ಹಿಂತಿರುಗುವ ದಾರಿಯೇ ಇಲ್ಲ. ಹಾಗೆಂದು ಕಣ್ಣು ಮುಚ್ಚಿ ಕಟ್ಟಲೂ ಬಾರದು. ಕೆಲವು ಅಗ್ಗದ ಇನ್ವರ್ಟರುಗಳ ಎರಡೂ ತಂತಿಗಳು ನೆಲಕ್ಕೆ ಹೋಲಿಸಿದರೆ 115 ವೋಲ್ಟಿನಲ್ಲಿರುತ್ತವೆ, ಒಂದನ್ನು ಚಾಸಿಗೆ ಕಟ್ಟಿದರೆ ಸುಟ್ಟುಹೋಗುತ್ತವೆ. ನ್ಯೂಟ್ರಲ್–ಅರ್ಥ್ ಜೋಡಿಸಲು ಬರುತ್ತದೆ ಎಂದು ಮ್ಯಾನ್ಯುವಲ್ಲಿನಲ್ಲಿ ಬರೆದಿರುವ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಮನೆಯ ಯುಪಿಎಸ್ಸನ್ನು ವ್ಯಾನಿಗೆ ತಂದು ಕೂರಿಸಬೇಡಿ.

ಮೂರನೆಯದು, ಬ್ಯಾಟರಿ ಏಕೆ ಉಳಿಯುವುದಿಲ್ಲ. ನಾಲ್ವರ ಒಂದು ದಿನದ ಖರ್ಚು ಬೇಸಿಗೆಯಲ್ಲಿ ಹೀಗಿರುತ್ತದೆ: 12 ವೋಲ್ಟ್ ಕಂಪ್ರೆಸರ್ ಫ್ರಿಜ್ 45 ವ್ಯಾಟ್, ದಿನಕ್ಕೆ 10–11 ಗಂಟೆ ಓಡಿದರೆ 480 ವ್ಯಾಟ್-ಅವರ್, ಎರಡು ಫ್ಯಾನ್ ರಾತ್ರಿಯಿಡೀ 240, ಲ್ಯಾಪ್‌ಟಾಪ್ ನಾಲ್ಕು ಗಂಟೆ 240, ದೀಪಗಳು 100, ಫೋನುಗಳು 60, ನೀರಿನ ಪಂಪ್ 20. ಒಟ್ಟು 1140, ನಷ್ಟ ಸೇರಿ 1200. ಇಂಡಕ್ಷನ್ ಅರ್ಧ ಗಂಟೆ ಸೇರಿದರೆ 1865 ಹತ್ತಿರ. ಇದರ ಜೊತೆ ಕಣ್ಣಿಗೆ ಕಾಣದ ಒಂದು ಖರ್ಚು: ಏನೂ ಓಡದಿದ್ದರೂ ಆನ್ ಇರುವ ಇನ್ವರ್ಟರ್ 15 ವ್ಯಾಟ್ ನುಂಗುತ್ತದೆ, 24 ಗಂಟೆಗೆ 360. ಒಟ್ಟು 2225. ನಿಮ್ಮ ಬ್ಯಾಟರಿ 12.8 ವೋಲ್ಟ್ ಲೆಕ್ಕದಲ್ಲಿ 2560, ಅದರಲ್ಲಿ ನೂರಕ್ಕೆ 80 ಭಾಗ ಬಳಸಿದರೆ 2050. 200 ವ್ಯಾಟ್ ಪ್ಯಾನೆಲ್ ಬಯಲುಸೀಮೆಯ ಬಿಸಿಲಿನಲ್ಲಿ, ಚಪ್ಪಟೆ ಮಲಗಿ, ಬಿಸಿಯ ನಷ್ಟ ಕಳೆದು 700 ಕೊಡುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ನೆರಳಿನಲ್ಲಿ ಅದರ ಮೂರರಲ್ಲೊಂದು ಪಾಲೂ ಕಷ್ಟ. ಎರಡನೇ ಬೆಳಿಗ್ಗೆ ಖಾಲಿಯಾಗುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಮೊದಲು ಪುಕ್ಕಟೆ ಪರಿಹಾರ: ಇನ್ವರ್ಟರಿಗೆ ಅಡುಗೆಕಟ್ಟೆಯ ಹತ್ತಿರ ರಿಮೋಟ್ ಸ್ವಿಚ್ ಹಾಕಿಸಿ, ಬೇಕಾದಾಗ ಮಾತ್ರ ಹಚ್ಚಿ. ಫೋನು, ಲ್ಯಾಪ್‌ಟಾಪಿಗೆ 12 ವೋಲ್ಟಿನ ಟೈಪ್ ಸಿ ಚಾರ್ಜರ್ ಸಾಕು.

ಆಮೇಲೆ, ಸೋಲಾರಿಗಿಂತ ಮುಂಚೆ, ಎಂಜಿನ್ನಿನಿಂದ ತುಂಬುವ ಡಿಸಿ–ಡಿಸಿ ಚಾರ್ಜರ್ ಹಾಕಿಸಿ. 30 ಆಂಪಿಯರಿನದು ಗಂಟೆಗೆ 400 ವ್ಯಾಟ್-ಅವರ್ ತುಂಬುತ್ತದೆ. ಧಾರವಾಡದಿಂದ ಸಕಲೇಶಪುರ ಮುಟ್ಟುವ ಹೊತ್ತಿಗೆ, ಐದು ಗಂಟೆ ಓಡಿದ್ದರೂ, 2000 ಸೇರಿರುತ್ತದೆ, ಮಳೆಗಾಲದಲ್ಲೂ ಅಷ್ಟೇ. ರಿಲೇ ಹಾಕಿ ಎಂಜಿನ್ನಿನ ಬ್ಯಾಟರಿ, ಈ ಬ್ಯಾಟರಿ ಎರಡನ್ನೂ ನೇರ ಜೋಡಿಸುವುದು ಲೆಡ್ ಆಸಿಡ್ ಕಾಲದ ಮಾತು. ಖಾಲಿ ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ, ಘಾಟಿಯಲ್ಲಿ ನಿಧಾನಕ್ಕೆ ಹತ್ತುವಾಗ ಗಾಳಿ ಸಾಲದ ಆಲ್ಟರ್ನೇಟರ್ (ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಯಂತ್ರ) ಸುಟ್ಟುಹೋಗುತ್ತದೆ. ವೈರ್ 16 ಸ್ಕ್ವೇರ್ ಎಂ.ಎಂ.; ಇನ್ವರ್ಟರಿನಿಂದ ಬಿಚ್ಚಿದ ವೈರ್ ಇಲ್ಲಿಗೆ ಆಗುತ್ತದೆ. ಎರಡೂ ಬ್ಯಾಟರಿಗಳ ಪಕ್ಕ ತಲಾ ಒಂದು 60 ಆಂಪಿಯರ್ ಫ್ಯೂಸ್ ಬೇಕು, ಏಕೆಂದರೆ ವೈರಿನ ಎರಡೂ ತುದಿಯಲ್ಲಿ ಬೆಂಕಿ ಹಚ್ಚಬಲ್ಲ ಬ್ಯಾಟರಿ ಇದೆ. ಇಗ್ನಿಷನ್ ಸಿಗ್ನಲ್ ಕೊಟ್ಟರೆ ಎಂಜಿನ್ ನಿಂತಾಗ ತಾನೇ ನಿಲ್ಲುತ್ತದೆ.

ಸೋಲಾರನ್ನು 400 ವ್ಯಾಟಿಗೆ ಏರಿಸಿ, 30 ಆಂಪಿಯರ್ ಎಂಪಿಪಿಟಿ (ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬುವ ಸೋಲಾರ್ ಕಂಟ್ರೋಲರ್) ಹಾಕಿ. ಮರದ ನೆರಳಿನಲ್ಲಿ ನಿಲ್ಲಿಸುವವರಿಗೆ ಎರಡು ಪ್ಯಾನೆಲ್ ಪ್ಯಾರಲಲ್ ಇರುವುದು ವಾಸಿ. ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ದುಡಿಯುತ್ತದೆ. ತಗಡಿಗೆ ಅಂಟಿಸದೆ ಕೆಳಗೆ ಎರಡು ಮೂರು ಬೆರಳು ಗಾಳಿ ಜಾಗ ಬಿಡಿ. ಎಂಪಿಪಿಟಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಬೇಕು. ಎಲ್ಲ ಚಾರ್ಜರುಗಳನ್ನೂ ಲಿಥಿಯಂಗೆ ಹೊಂದಿಸಿ: 14.2ರಿಂದ 14.4 ವೋಲ್ಟ್, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.5. ಲೆಡ್ ಆಸಿಡ್‌ಗೆ ಇರುವ ಈಕ್ವಲೈಸ್, ಡಿಸಲ್ಫೇಷನ್ ಆಯ್ಕೆಗಳು ಆಫ್ ಇರಲಿ, ಆ ವೋಲ್ಟೇಜಿಗೆ ಬಿಎಂಎಸ್ ಬ್ಯಾಟರಿಯನ್ನು ಕಡಿದುಬಿಡುತ್ತದೆ. ಎ.ಸಿ. ಯಂತ್ರದ ಆಸೆ ಈ ಬ್ಯಾಟರಿಯಲ್ಲಿ ಬೇಡ. ಒಂದು ರಾತ್ರಿಗೆ 5 ಯೂನಿಟ್ ದಾಟುತ್ತದೆ, ನಿಮ್ಮಲ್ಲಿರುವುದು ಎರಡು.

ಫ್ರಿಜ್ ನಡುರಾತ್ರಿ ನಿಂತು ಬೆಳಿಗ್ಗೆ ತಾನೇ ಶುರುವಾಗುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. 6 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂ.ಎಂ. ಎಳೆದಿದ್ದರೆ 5 ಆಂಪಿಯರಿನಲ್ಲೇ 0.4 ವೋಲ್ಟ್ ಹೋಗುತ್ತದೆ, ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಅದಕ್ಕೆ 6 ಸ್ಕ್ವೇರ್ ಎಂ.ಎಂ. ಬೇಕು, ಮೈನಸ್ ವೈರೂ ಅಷ್ಟೇ ದಪ್ಪ. ಚಾಸಿಯನ್ನು ಮೈನಸ್ ವೈರಾಗಿ ಬಳಸಬೇಡಿ.

ಬ್ಯಾಟರಿ ಎಷ್ಟಿದೆ ಎಂದು ವೋಲ್ಟೇಜ್ ನೋಡಿ ಅಂದಾಜಿಸುವುದು ಲಿಥಿಯಂನಲ್ಲಿ ನಡೆಯುವುದಿಲ್ಲ. ಮುಕ್ಕಾಲು ತುಂಬಿದಾಗಲೂ ಅರ್ಧ ಇದ್ದಾಗಲೂ ಅದು 13.1, 13.2 ಎಂದೇ ತೋರಿಸುತ್ತದೆ. ಶಂಟ್ (ಹೋಗಿಬರುವ ಕರೆಂಟನ್ನು ಅಳೆಯಲು ಹಾಕುವ ಲೋಹದ ಪಟ್ಟಿ) ಇರುವ ಮೀಟರ್ ಹಾಕಿಸಿ. ಬ್ಯಾಟರಿಯ ಮೈನಸ್ಸಿಗೆ ಶಂಟ್ ಒಂದೇ ಜೋಡಣೆಯಾಗಿರಬೇಕು. ಸೋಲಾರ್, ಇನ್ವರ್ಟರ್, ದೀಪ, ಚಾಸಿ ಎಲ್ಲದರ ಮೈನಸ್ ಅದರ ಆಚೆ ಬದಿಗೆ. ಯಾರೋ ಅವಸರದಲ್ಲಿ ಸೋಲಾರಿನ ಮೈನಸ್ಸನ್ನು ನೇರ ಬ್ಯಾಟರಿಗೆ ಕಟ್ಟಿದರೆ ಮೀಟರ್ ಖರ್ಚನ್ನಷ್ಟೇ ಎಣಿಸುತ್ತದೆ, ಎರಡು ದಿನಕ್ಕೆ ಸುಳ್ಳು ಹೇಳತೊಡಗುತ್ತದೆ.

ಕೆಲಸ ಮುಗಿದ ಮೇಲೆ ಒಂದು ರಾತ್ರಿ ಮನೆಯ ಅಂಗಳದಲ್ಲೇ ಪ್ಲಗ್ ಹಾಕದೆ ಉಳಿಯಿರಿ, ಮೀಟರಿನ ಓದನ್ನು ಸಂಜೆ, ಬೆಳಿಗ್ಗೆ ಬರೆದಿಟ್ಟು ಮೇಲಿನ ಪಟ್ಟಿಯ ಜೊತೆ ತಾಳೆ ನೋಡಿ. ಮೊದಲ 500 ಕಿಲೋಮೀಟರ್ ಓಡಿದ ಮೇಲೆ ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಇಡಿ. ಒಂದೆರಡು ಬೋಲ್ಟುಗಳು ಕಾಲು ಸುತ್ತು ತಿರುಗೇ ತಿರುಗುತ್ತವೆ. ಬಿಗಿ ಮಾಡಿದ ಮೇಲೆ ಪೇಂಟ್ ಪೆನ್ನಿನಲ್ಲಿ ನಟ್ಟಿನಿಂದ ತಟ್ಟೆಯವರೆಗೆ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ಕಡಿದಿದ್ದರೆ ಯಾವುದು ಸಡಿಲವಾಗಿದೆ ಎಂದು ಟಾರ್ಚ್ ಬಿಟ್ಟರೆ ಕಾಣುತ್ತದೆ.